ಲೀಷರ್ ಪೀರಿಯಡ್‌ಗೆ ಕೈ ಹಾಕುವ ಮುಂಚೆ

ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇದೆ. ನೀಲಿ ರಟ್ಟು. ಮೂಲೆಗಳು ಸವೆದು ಪದರ ಪದರ ಬಿಟ್ಟುಕೊಂಡಿವೆ. ದಿನಾ ಬೆಳಗ್ಗೆ ಮೊದಲ ಬೆಲ್‌ಗೆ ಹತ್ತು ನಿಮಿಷ ಮುಂಚೆ ನಾನು ಅದನ್ನು ತೆರೆದು ಕೂರುತ್ತೇನೆ. ಇವತ್ತು ಯಾರ್ಯಾರು ರಜೆ, ಅವರ ಕ್ಲಾಸುಗಳಿಗೆ ಯಾರು ಹೋಗಬೇಕು ಅಂತ ಬರೆಯುತ್ತೇನೆ. ಆಮೇಲೆ ಅಟೆಂಡರ್ ಅದನ್ನು ಹಿಡಿದು ಒಬ್ಬೊಬ್ಬರ ಹತ್ತಿರ ಸಹಿ ಹಾಕಿಸಿಕೊಂಡು ಬರುತ್ತಾರೆ. ಇದು ಸಬ್‌ಸ್ಟಿಟ್ಯೂಷನ್ ಪುಸ್ತಕ. ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದರ ಪರಿಚಯ ಮಾಡಿಸಬೇಕಿಲ್ಲ.

ನಾನು ಗಣಿತ ಕಲಿಸುತ್ತೇನೆ. ಜೊತೆಗೆ ಟೈಮ್‌ಟೇಬಲ್ ಹಾಕುವ ಕೆಲಸ 11 ವರ್ಷದಿಂದ ನನ್ನ ಮೇಲಿದೆ. ಮಕ್ಕಳ ಮನಸ್ಸಿನ ಆರೋಗ್ಯ, ಶಿಕ್ಷಕರ ಮನಸ್ಸಿನ ಆರೋಗ್ಯ ಅಂತ ಈಚೆಗೆ ಶಾಲೆಗಳಲ್ಲಿ ತುಂಬಾ ಮಾತು ಕೇಳಿಬರುತ್ತದೆ. ಭಾಷಣ ನಡೆಯುತ್ತದೆ, ಗೋಡೆಗೆ ಪೋಸ್ಟರ್ ಬರುತ್ತದೆ. ಒಳ್ಳೆಯದೇ. ಆದರೆ ಆ ವಿಷಯದಲ್ಲಿ ನನಗೆ ಗೊತ್ತಾಗಿದ್ದೆಲ್ಲ ಈ ನೀಲಿ ಪುಸ್ತಕದಿಂದ. ಅದನ್ನೇ ಬರೆಯುತ್ತೇನೆ. ಇದರಲ್ಲಿ ಬರುವ ಇಬ್ಬರೂ ಬರೆಯಲು ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ನಮ್ಮಲ್ಲಿ ಜೀವಶಾಸ್ತ್ರ ಕಲಿಸುವ ಮೇಡಂ ಒಬ್ಬರಿದ್ದಾರೆ. ಯಾರಿಗೂ ಇಲ್ಲ ಅನ್ನದ ಜೀವ. ಆ ಟರ್ಮ್‌ನಲ್ಲಿ ಇಬ್ಬರು ಶಿಕ್ಷಕರು ದೀರ್ಘ ರಜೆಯಲ್ಲಿದ್ದರು, ಒಂದು ಹುದ್ದೆ ಖಾಲಿ ಇತ್ತು. ಬೆಳಗಾದರೆ ನಾಲ್ಕೈದು ಕ್ಲಾಸು ತುಂಬಿಸಬೇಕು. ಕೆಲವರ ಹತ್ತಿರ ಪುಸ್ತಕ ಹೋದರೆ ವಾಪಸ್ ದೂರು ಬರುತ್ತದೆ. ಇವರ ಹತ್ತಿರ ಹೋದರೆ ಸಹಿ ಬರುತ್ತದೆ. ನನಗೆ ಅವಸರ. ಹಾಗಾಗಿ ನನ್ನ ಪೆನ್ನು ತಾನಾಗಿಯೇ ಅವರ ಹೆಸರಿನ ಕಡೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಊಟದ ಬಿಡುವು ಮುಗಿದ ಬೆಲ್ ಆದಮೇಲೆ ಲ್ಯಾಬ್ ಕಡೆ ಹೋದೆ. ಅವರು ಸಿಂಕಿನ ಮುಂದೆ ನಿಂತು ಬೀಕರ್ ತೊಳೆಯುತ್ತಿದ್ದರು. ಬಾಗಿಲಲ್ಲಿ ನಿಂತು ಮಾತಾಡಿಸಿದೆ. ತಿರುಗಲಿಲ್ಲ. ಹತ್ತಿರ ಹೋದೆ. ನಲ್ಲಿ ಪೂರ್ತಿ ಬಿಟ್ಟಿತ್ತು. ಪಕ್ಕದಲ್ಲಿ ಏಳೆಂಟು ಕೊಳಕು ಬೀಕರ್‌ಗಳು ಹಾಗೇ ಇದ್ದವು. ಅವರ ಕೈಯಲ್ಲಿದ್ದ ಒಂದೇ ಒಂದು ಬೀಕರ್ ಮಾತ್ರ ಪಳಪಳ ಅಂತಿತ್ತು. ಅದನ್ನೇ ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದರು. ಬೆರಳ ತುದಿಗಳು ನೀರಲ್ಲಿ ನೆನೆದು ಬಿಳಿಚಿಕೊಂಡಿದ್ದವು.

“ಮೇಡಂ, ಬೆಲ್ ಆಯ್ತು” ಅಂದೆ.

“ಹೌದಾ? ಯಾವ ಬೆಲ್ಲು?” ಅಂದರು.

ಆ ಪ್ರಶ್ನೆಯಲ್ಲಿ ಗಾಬರಿ ಇರಲಿಲ್ಲ, ಬೇಸರವೂ ಇರಲಿಲ್ಲ. ಏನೂ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಅವತ್ತು ಸಂಜೆ ಎಲ್ಲರೂ ಹೋದಮೇಲೆ ನೀಲಿ ಪುಸ್ತಕ ತೆಗೆದು ಎಣಿಸಿದೆ. ಹಿಂದಿನ ಆರು ವಾರದಲ್ಲಿ ಅವರಿಗೆ 31 ಸಬ್‌ಸ್ಟಿಟ್ಯೂಷನ್ ಹಾಕಿದ್ದೆ. ಉಳಿದವರಿಗೆ ಹೆಚ್ಚೂಕಡಿಮೆ ಎಂಟು, ಒಂಬತ್ತು. ಒಬ್ಬರಿಗೆ ಮೂರೇ ಮೂರು. ಯಾರೋ ಮೇಲಿನವರು ಹೇಳಿ ಮಾಡಿಸಿದ್ದಲ್ಲ. ಅಷ್ಟೂ ನನ್ನ ಕೈಬರಹ.

ಇದರ ಜೊತೆಗೇ ಇನ್ನೊಂದು ನಡೆಯುತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾನು ಆಗ ಎಂಟನೇ ತರಗತಿಯ ಕ್ಲಾಸ್ ಟೀಚರ್. 42 ಮಕ್ಕಳು. ಅದರಲ್ಲಿ ಒಬ್ಬ ಹುಡುಗಿ. ಎರಡನೇ ಬೆಂಚು, ಅಕ್ಷರ ದುಂಡಗೆ, ಹೋಮ್‌ವರ್ಕ್ ತಪ್ಪಿಸಿದವಳಲ್ಲ. ತೊಂದರೆ ಕೊಡದ ಮಗು ಅಂತೀವಲ್ಲ, ಅಂಥವಳು. ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಬಿದ್ದಿದ್ದು ನಮ್ಮ ಆಯಮ್ಮನ ಕಣ್ಣಿಗೆ. ಒಂದು ದಿನ ಕಾರಿಡಾರ್ ಗುಡಿಸುತ್ತಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಮಿಸ್, ನಿಮ್ಮ ಕ್ಲಾಸಿನ ಆ ಉದ್ದ ಜಡೆ ಹುಡುಗಿ ದಿನಾ ಮೂರನೇ ಪೀರಿಯಡ್‌ನಲ್ಲಿ ಟಾಯ್ಲೆಟ್‌ಗೆ ಬರ್ತಾಳೆ. ಸುಮ್ನೆ ಗೋಡೆಗೆ ಒರಗಿ ನಿಂತಿರ್ತಾಳೆ. ಅಳೋದಿಲ್ಲ, ಏನಿಲ್ಲ. ಎರಡು ವಾರದ ಮೇಲಾಯ್ತು.”

ಎರಡು ವಾರ ಅನ್ನುವುದು ಸುಮ್ಮನೆ ಬಂದ ಮಾತು. ಆದರೆ ವೈದ್ಯರೂ ಖಿನ್ನತೆಯನ್ನು ಗುರುತಿಸುವಾಗ ಅದೇ ಲೆಕ್ಕ ಹಿಡಿಯುತ್ತಾರೆ. ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವಿನಲ್ಲಿ ಏರುಪೇರು ಎರಡು ವಾರವೋ ಅದಕ್ಕೂ ಹೆಚ್ಚೋ ಕಾಲ ಹೆಚ್ಚೂಕಡಿಮೆ ದಿನಾ ಇದ್ದರೆ, ಅದನ್ನು ‘ಮೂಡ್ ಸರಿ ಇಲ್ಲ’ ಅಂತ ಬಿಡುವ ಹಾಗಿಲ್ಲ. ಆಯಮ್ಮನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅವರು ನೋಡಿದ್ದರು, ಅಷ್ಟೇ.

ಆ ಹುಡುಗಿಯನ್ನು ಕೂರಿಸಿಕೊಂಡು ಮಾತಾಡಿದ್ದು, ಅದರಲ್ಲಿ ನಾನು ಮಾಡಿದ ತಪ್ಪುಗಳು, ಎಲ್ಲ ಮುಂದೆ ಹೇಳುತ್ತೇನೆ. ಮೊದಲು ಅವಳು ಹೇಳಿದ ಒಂದು ಮಾತು. “ಬಯಾಲಜಿ ಮಿಸ್ಸಿಗೆ ಹೇಳೋಣ ಅಂತ ಮೂರು ಸಲ ಹೋಗಿದ್ದೆ ಮಿಸ್. ಗುರುವಾರ ಅವರಿಗೆ ಫ್ರೀ ಇರುತ್ತಲ್ವಾ, ಲ್ಯಾಬಲ್ಲಿ ಇರ್ತಾರೆ ಅಂತ. ಮೂರು ಸಲಾನೂ ಅವರು ಎಲ್ಲಿಗೋ ಓಡ್ತಾ ಇದ್ರು.”

ಗುರುವಾರ ಐದನೇ ಪೀರಿಯಡ್. ಮನೆಗೆ ಬಂದು ಮತ್ತೆ ಲೆಕ್ಕ ಹಾಕಿದೆ. ಆ ಆರು ಗುರುವಾರದಲ್ಲಿ ಐದು ಸಲ ಆ ಪೀರಿಯಡ್ ಕಿತ್ತುಕೊಂಡವಳು ನಾನು.

ಟೈಮ್‌ಟೇಬಲ್‌ನಲ್ಲಿ ಲೀಷರ್, ಅಂದರೆ ಟೀಚರ್‌ಗೆ ಕ್ಲಾಸಿಲ್ಲದ ಪೀರಿಯಡ್, ಒಂದು ಖಾಲಿ ಚೌಕ. ಖಾಲಿ ಇದೆ ಅಂದರೆ ತುಂಬಿಸಬಹುದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆ ಹುಡುಗಿಗೆ ಮಾತ್ರ ಅದು ಖಾಲಿ ಅಲ್ಲ, ತೆರೆದ ಬಾಗಿಲು ಅಂತ ಗೊತ್ತಿತ್ತು.

ಆಮೇಲೆ ನಾನು ಓದಲು ಶುರು ಮಾಡಿದೆ. ತಪ್ಪಿತಸ್ಥ ಭಾವನೆ ಇತ್ತು, ಅದಕ್ಕಿಂತ ಜಾಸ್ತಿ, ಇದು ನನ್ನೊಬ್ಬಳ ಶಾಲೆಯ ಕಥೆಯೋ ಎಲ್ಲ ಕಡೆಯದೋ ಅಂತ ತಿಳಿಯಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವಯಸ್ಸಿನ ಏಳು ಮಕ್ಕಳಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುತ್ತದೆ. ಗಣಿತದವಳಲ್ಲವೇ, ತಕ್ಷಣ ಭಾಗಿಸಿದೆ. 42ರಲ್ಲಿ ಆರು. ಹಾಜರಿ ಪುಸ್ತಕ ಬಿಡಿಸಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ಒಬ್ಬಳು ಸಿಕ್ಕಿದ್ದಾಳೆ. ಉಳಿದ ಐದು ಮಕ್ಕಳು ಯಾರಿರಬಹುದು? ಲೆಕ್ಕ ಪ್ರತಿ ಕ್ಲಾಸಿಗೂ ಇಷ್ಟೇ ಸರಿಯಾಗಿ ಹೊಂದುವುದಿಲ್ಲ, ಗೊತ್ತು. ಆದರೂ ಅವತ್ತಿನಿಂದ ಹಾಜರಿ ಕೂಗುವಾಗ ನಾನು ತಲೆ ಎತ್ತಿ ಮುಖ ನೋಡುತ್ತೇನೆ. ಮುಂಚೆ ಬರೀ ಹೆಸರಿಗೆ ಟಿಕ್ ಹಾಕುತ್ತಿದ್ದೆ.

ಇನ್ನೊಂದು ವಿಷಯ. ಮಾನಸಿಕ ಕಾಯಿಲೆಗಳಲ್ಲಿ ಮೂರನೇ ಒಂದು ಪಾಲು 14 ವರ್ಷದ ಒಳಗೆ, ಅರ್ಧದಷ್ಟು 18 ವರ್ಷದ ಒಳಗೆ ಶುರುವಾಗುತ್ತವೆ ಅಂತ ಅದೇ ಸಂಸ್ಥೆ ಹೇಳುತ್ತದೆ. ಅಂದರೆ ಆ ಹೊತ್ತಿಗೆ ಮಗು ಇರುವುದು ನಮ್ಮೆದುರಿಗೆ, ಬೆಂಚಿನ ಮೇಲೆ.

ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದ್ದು ಹವಾಯಿಯ ಕವಾಯ್ ದ್ವೀಪದ ಅಧ್ಯಯನ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತವರ ಜೊತೆಗಾರರು ನಲವತ್ತು ವರ್ಷ ತುಂಬುವವರೆಗೂ ಗಮನಿಸುತ್ತಾ ಬಂದರು. ಬಡತನ, ಮನೆಯಲ್ಲಿ ಕುಡಿತ, ಜಗಳ, ಹೆತ್ತವರ ಮಾನಸಿಕ ಕಾಯಿಲೆ, ಹೀಗೆ ಹಲವು ಕಷ್ಟ ಒಟ್ಟಿಗೇ ಇದ್ದ ಮಕ್ಕಳೂ ಅದರಲ್ಲಿದ್ದರು. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳು ಚೆನ್ನಾಗಿಯೇ ಬೆಳೆದರು. ಹೇಗೆ ಅಂತ ಹುಡುಕಿದಾಗ ಸಿಕ್ಕ ಕಾರಣಗಳಲ್ಲಿ ಒಂದು ಇದು: ಆ ಮಗುವನ್ನು ನಿಜವಾಗಿ ಹಚ್ಚಿಕೊಂಡ ಒಬ್ಬ ದೊಡ್ಡವರು ಇದ್ದರು. ಅಜ್ಜಿಯೋ, ಅಕ್ಕಪಕ್ಕದವರೋ. ತುಂಬಾ ಸಲ ಅದು ಒಬ್ಬ ಟೀಚರ್.

ಒಬ್ಬರು ಸಾಕು. ಆದರೆ ಆ ಒಬ್ಬರಿಗೆ ಪುರುಸೊತ್ತು ಇರಬೇಕಲ್ಲ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಕೆಲಸವನ್ನು ಓದಿದಾಗ ಲ್ಯಾಬಿನ ಸಿಂಕು ನೆನಪಾಯಿತು. 17 ಶಿಕ್ಷಕರು, ಅವರ ಕ್ಲಾಸಿನ 406 ಮಕ್ಕಳು. ಶಿಕ್ಷಕರಿಗೆ ಎಷ್ಟು ಬಳಲಿಕೆ ಇದೆ ಅಂತ ಕೇಳಿ ಬರೆಸಿಕೊಂಡರು. ಮಕ್ಕಳ ಎಂಜಲು ತೆಗೆದು ಅದರಲ್ಲಿ ಕಾರ್ಟಿಸೋಲ್ ಅಳೆದರು. ಕಾರ್ಟಿಸೋಲ್ ಅಂದರೆ ಒತ್ತಡ ಬಂದಾಗ ಮೈಯಲ್ಲಿ ಏರುವ ಹಾರ್ಮೋನು. ಯಾವ ಕ್ಲಾಸಿನ ಟೀಚರ್ ಹೆಚ್ಚು ಬಳಲಿದ್ದರೋ ಆ ಕ್ಲಾಸಿನ ಮಕ್ಕಳಲ್ಲಿ ಬೆಳಗಿನ ಕಾರ್ಟಿಸೋಲ್ ಜಾಸ್ತಿ ಇತ್ತು. ಟೀಚರ್ ಸುಸ್ತಾಗಿ ಮಕ್ಕಳಿಗೆ ಒತ್ತಡ ಆಯಿತೋ, ಒತ್ತಡದ ಮಕ್ಕಳಿಂದ ಟೀಚರ್ ಸುಸ್ತಾದರೋ, ಈ ಅಳತೆಯಿಂದ ಹೇಳಲು ಬರುವುದಿಲ್ಲ. ನನ್ನ ಕೇಳಿದರೆ ಎರಡೂ ನಿಜ ಅನ್ನುತ್ತೇನೆ. ಒಂದೇ ಕೋಣೆಯ ಗಾಳಿ ಅಲ್ವಾ?

ಬಳಲಿಕೆ ಅಂತ ಸುಲಭಕ್ಕೆ ಬರೆದೆ. ಬರ್ನ್‌ಔಟ್ ಅನ್ನುವ ಮಾತನ್ನು ಈ ಅರ್ಥದಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಬಳಸಿದ್ದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಸ್ಪಷ್ಟ ವಿವರಣೆ ಕೊಟ್ಟಿತು. ಅದನ್ನು ಕಾಯಿಲೆ ಅಂತ ಪರಿಗಣಿಸಲಿಲ್ಲ. ಕೆಲಸದ ಜಾಗದಲ್ಲಿ ಸರಿಯಾಗಿ ಸಂಭಾಳಿಸದೆ ಉಳಿದ ಒತ್ತಡದ ಫಲ ಅಂತ ಹೇಳಿತು. ಮೂರು ಗುರುತು: ಮೈಮನಸ್ಸಿನ ಶಕ್ತಿ ಪೂರ್ತಿ ಬತ್ತಿದ ಹಾಗಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಎಲ್ಲದರ ಮೇಲೂ ಕಹಿ ಬರುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನಮ್ಮ ಸ್ಟಾಫ್ ರೂಮಿನ ಭಾಷೆಯಲ್ಲಿ ಇದು ಬೇರೆ ಥರ ಕೇಳಿಸುತ್ತದೆ. “ಸಾಕಾಗಿ ಹೋಗಿದೆ.” “ಈ ಮಕ್ಕಳಿಗೆ ಏನು ಹೇಳಿದ್ರೂ ಅಷ್ಟೇ.” “ನಾನು ಪಾಠ ಮಾಡಿ ಏನು ಪ್ರಯೋಜನ?” ಈ ಮೂರನ್ನೂ ಒಬ್ಬರೇ ಒಂದೇ ವಾರದಲ್ಲಿ ಹೇಳಿದರೆ ಅದನ್ನು ಸೋಮಾರಿತನ ಅಂತಲೋ ಸಿಡುಕು ಸ್ವಭಾವ ಅಂತಲೋ ತಳ್ಳಿಹಾಕಬೇಡಿ.

ಕೆಲಸದ ಜಾಗದ ತೊಂದರೆ ಅಂದಮೇಲೆ ಕೆಲಸದ ಜಾಗದಲ್ಲೇ ಸರಿ ಮಾಡಬೇಕು. ಇಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಬಳಲಿದ ಟೀಚರ್‌ಗೆ ಶನಿವಾರ ಕರೆದು ಒತ್ತಡ ನಿರ್ವಹಣೆ ಬಗ್ಗೆ ಮೂರು ಗಂಟೆ ತರಬೇತಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಆ ಶನಿವಾರವೂ ಅವರದೇ ತಾನೇ?

ಹಾಗಂತ ಉಸಿರಾಟ, ಧ್ಯಾನ, ಯೋಗ ಎಲ್ಲ ಬೇಡ ಅನ್ನುತ್ತಿಲ್ಲ. ಬ್ರಿಟನ್ನಿನಲ್ಲಿ ಮಿರಿಯಡ್ ಅನ್ನುವ ಒಂದು ದೊಡ್ಡ ಪ್ರಯೋಗ ನಡೆಯಿತು. ಫಲಿತಾಂಶ 2022ರಲ್ಲಿ ಬಂತು. 8 ಸಾವಿರಕ್ಕೂ ಹೆಚ್ಚು ಮಕ್ಕಳು, 11ರಿಂದ 14ರ ವಯಸ್ಸು. ಟೀಚರ್‌ಗಳಿಗೆ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ ಕಲಿಸಿ, ಅವರಿಂದ ಮಕ್ಕಳಿಗೆ ಕಲಿಸಿದರು. ಮಕ್ಕಳ ಮಾನಸಿಕ ಆರೋಗ್ಯದಲ್ಲಿ, ಮಾಮೂಲಿ ಪಾಠಕ್ಕಿಂತ ಇದರಿಂದ ಹೆಚ್ಚಿನ ಉಪಯೋಗ ಕಾಣಲಿಲ್ಲ. ಆದರೆ ಕಲಿಸಿದ ಟೀಚರ್‌ಗಳ ಬಳಲಿಕೆ ಆ ಹೊತ್ತಿಗೆ ಕಡಿಮೆಯಾಗಿತ್ತು, ಶಾಲೆಯ ವಾತಾವರಣವೂ ಸ್ವಲ್ಪ ಸುಧಾರಿಸಿತ್ತು. ಮಕ್ಕಳಿಗೆ ಅಂತ ಮಾಡಿದ್ದು ದೊಡ್ಡವರಿಗೆ ನಾಟಿತು. ಇದನ್ನು ಓದಿ ನನಗೆ ಬೇಸರ ಆಗಲಿಲ್ಲ. ದೊಡ್ಡವರಿಗೂ ಇಷ್ಟು ಬೇಕಾಗಿತ್ತು, ಯಾರೂ ಕೊಟ್ಟಿರಲಿಲ್ಲ ಅನ್ನಿಸಿತು.

ಸರಿ, ನಾವೇನು ಮಾಡಿದೆವು?

ಮೊದಲು ನಾನು ಲೆಕ್ಕದ ಹಾಳೆ ಹಿಡಿದು ಎಚ್‌ಎಂ, ಅಂದರೆ ಮುಖ್ಯೋಪಾಧ್ಯಾಯರ ಹತ್ತಿರ ಹೋದೆ. 31, 9, 8, 3. ಯಾರ ಮೇಲೂ ದೂರು ಹೇಳಲಿಲ್ಲ. “ಸರ್, ಇದು ನಾನು ಮಾಡಿದ್ದು, ಹೀಗೇ ಬಿಟ್ಟರೆ ಇನ್ನೂ ಮಾಡ್ತೀನಿ” ಅಂದೆ. ಅವರು ತುಂಬಾ ಹೊತ್ತು ಹಾಳೆ ನೋಡಿದರು. ಒಂದೇ ಪ್ರಶ್ನೆ ಕೇಳಿದರು: “ಹಾಗಾದ್ರೆ ಆ ಕ್ಲಾಸುಗಳಿಗೆ ಯಾರು ಹೋಗ್ತಾರೆ?” ನ್ಯಾಯವಾದ ಪ್ರಶ್ನೆ. ಮಕ್ಕಳನ್ನು ಒಂಟಿಯಾಗಿ ಬಿಡಲು ಆಗುವುದಿಲ್ಲ.

ಎರಡು ವಾರ ತಲೆ ಕೆಡಿಸಿಕೊಂಡು ಒಂದು ದಾರಿ ಹುಡುಕಿದೆವು. ಪ್ರತಿಯೊಬ್ಬ ಟೀಚರ್‌ಗೂ ವಾರದಲ್ಲಿ ಒಂದು ಲೀಷರ್ ಪೀರಿಯಡ್ ಯಾರೂ ಮುಟ್ಟಬಾರದು. ಟೈಮ್‌ಟೇಬಲ್‌ನಲ್ಲಿ ಅದಕ್ಕೆ ಹಸಿರು ಬಣ್ಣದ ಚೌಕ. ಯಾರ ಚೌಕ ಯಾವಾಗ ಅಂತ ಮಕ್ಕಳಿಗೂ ಗೊತ್ತಿರುತ್ತದೆ, ನೋಟಿಸ್ ಬೋರ್ಡಿನಲ್ಲಿದೆ. ಆ ಹೊತ್ತಿಗೆ ಅವರು ಎಲ್ಲಿ ಕೂತಿರುತ್ತಾರೆ ಅಂತಲೂ ಬರೆದಿದೆ. ಯಾರೂ ಬರದಿದ್ದರೆ ಅವರು ಸುಮ್ಮನೆ ಕೂರಬಹುದು. ಕರೆಕ್ಷನ್ ಮಾಡಲೇಬೇಕು ಅಂತ ಏನಿಲ್ಲ. ಉಳಿದ ಸಬ್‌ಸ್ಟಿಟ್ಯೂಷನ್ ಸರದಿ ಪ್ರಕಾರ ಹೋಗುತ್ತದೆ. ಪುಸ್ತಕದ ಕೊನೆಯ ಹಾಳೆಯಲ್ಲಿ ಎಲ್ಲರ ಹೆಸರಿನ ಮುಂದೆ ಗೆರೆ ಎಳೆಯುತ್ತೇನೆ, ಯಾರು ಬೇಕಾದರೂ ನೋಡಬಹುದು. ತೀರಾ ಜನ ಕಡಿಮೆ ಇದ್ದ ದಿನ ಎರಡು ಸೆಕ್ಷನ್ ಸೇರಿಸಿ ಲೈಬ್ರರಿಗೋ ಮೈದಾನಕ್ಕೋ ಕಳಿಸುತ್ತೇವೆ. ಆಮೇಲೂ ಕ್ಲಾಸು ಉಳಿದರೆ ಎಚ್‌ಎಂ ಹೋಗುತ್ತಾರೆ. ಅದನ್ನು ಅವರೇ ಹೇಳಿದ್ದು, ಹೇಳಿದ ಹಾಗೆ ನಡೆದುಕೊಂಡಿದ್ದಾರೆ ಕೂಡ.

ಎಲ್ಲರೂ ಒಪ್ಪಿದರು ಅಂದರೆ ಸುಳ್ಳಾಗುತ್ತದೆ. “ಇಷ್ಟು ವರ್ಷ ನಾವೆಲ್ಲ ಮಾಡಿಲ್ವಾ?” ಅಂತ ಒಬ್ಬ ಹಿರಿಯರು ಕೇಳಿದರು. ಮಾಡಿದ್ದಾರೆ, ನಿಜ. ಹೇಗೆ ಮಾಡಿದಿರಿ ಅಂತ ಅವರನ್ನು ಯಾರಾದರೂ ಯಾವತ್ತಾದರೂ ಕೇಳಿದ್ದರಾ? ಆ ವರ್ಷದ ಕೊನೆಗೆ ಅವರೇ ಒಂದು ಸಂಜೆ ನನ್ನ ಪಕ್ಕ ಕೂತು, ತಮ್ಮ ಹೆಂಡತಿ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಹೇಗೆ ಕ್ಲಾಸಿನಿಂದ ಕ್ಲಾಸಿಗೆ ಓಡುತ್ತಿದ್ದೆ ಅಂತ ಹೇಳಿಕೊಂಡರು. 20 ವರ್ಷದ ಹಿಂದಿನದು. ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದು ಅದೇ ಮೊದಲಂತೆ.

ಎರಡನೆಯದು, ಬುಧವಾರದ ಹದಿನೈದು ನಿಮಿಷ. ಇದು ನನಗೆ ಹಸಿರು ಚೌಕಕ್ಕಿಂತ ಇಷ್ಟ. ಕೊನೆಯ ಬೆಲ್ ಆದಮೇಲೆ ಕೂರುತ್ತೇವೆ. ಮಾರ್ಕ್ಸ್ ಬಗ್ಗೆ ಮಾತಿಲ್ಲ, ಸಿಲೆಬಸ್ ಬಗ್ಗೆ ಮಾತಿಲ್ಲ. ಒಂದೇ ಪ್ರಶ್ನೆ: ಈ ವಾರ ಯಾವ ಮಗು ಬದಲಾದ ಹಾಗೆ ಕಂಡಿತು? ಆಯಮ್ಮ ಬರುತ್ತಾರೆ. ಬಸ್ ಡ್ರೈವರ್ ಬರುತ್ತಾರೆ. ಆಫೀಸಿನ ಕ್ಲರ್ಕ್, ಲೈಬ್ರರಿಯವರು, ಪಿಟಿ ಮೇಷ್ಟ್ರು ಎಲ್ಲರೂ. ಗೇಟಿನ ಕಾವಲುಗಾರರು ಬಾಗಿಲ ಹತ್ತಿರ ನಿಂತೇ ಕೇಳಿಸಿಕೊಳ್ಳುತ್ತಾರೆ, ಗೇಟು ಬಿಟ್ಟು ಬರಲು ಆಗುವುದಿಲ್ಲವಲ್ಲ. ಮನೆಯ ಕಥೆ, ಗಾಳಿಮಾತು ಹೇಳುವ ಹಾಗಿಲ್ಲ. ಕಣ್ಣಿಗೆ ಕಂಡಿದ್ದಷ್ಟೇ. “ಮುಂದೆ ಕೂರ್ತಿದ್ದ ಹುಡುಗ ಈಗ ಬಸ್ಸಿನ ಕೊನೇ ಸೀಟಿಗೆ ಹೋಗ್ತಾನೆ, ಒಬ್ಬನೇ.” “ಡಬ್ಬಿ ತೆರೆಯದೇ ವಾಪಸ್ ತಗೊಂಡು ಹೋಗ್ತಾಳೆ.” “ಲೈಬ್ರರಿಗೆ ದಿನಾ ಬರ್ತಾನೆ, ಪುಸ್ತಕ ತೆಗೆಯೋದಿಲ್ಲ.” ಇಷ್ಟೇ. ಆಮೇಲೆ ಆ ಮಗುವಿಗೆ ಯಾರು ಹತ್ತಿರ ಅಂತ ನೋಡಿ, ಅವರೇ ಮಾತಾಡಿಸುತ್ತಾರೆ.

ಆರನೇ ತರಗತಿಯ ಒಬ್ಬ ಹುಡುಗನ ಸಂಗತಿ ಹೀಗೇ ಗೊತ್ತಾಗಿದ್ದು. ಸಿಕ್ ರೂಮಿನ ರಿಜಿಸ್ಟರ್ ನೋಡಿಕೊಳ್ಳುವ ಕ್ಲರ್ಕ್ ಹೇಳಿದರು, ಅವನಿಗೆ ಮಂಗಳವಾರ ಮಾತ್ರ ಹೊಟ್ಟೆನೋವು ಬರುತ್ತದೆ ಅಂತ. ಹೊಟ್ಟೆನೋವು ನಾಟಕ ಆಗಿರಲಿಲ್ಲ. ಆತಂಕ ಹೊಟ್ಟೆಯಲ್ಲಿ ನಿಜವಾಗಿ ನೋವಾಗಿಯೇ ಬರುತ್ತದೆ, ಚಿಕ್ಕ ಮಕ್ಕಳಲ್ಲಂತೂ ತುಂಬಾ ಸಲ ಹೀಗೇ. ಟೈಮ್‌ಟೇಬಲ್ ನೋಡಿದೆ. ಮಂಗಳವಾರ ಎರಡನೇ ಪೀರಿಯಡ್ ಸರದಿಯ ಪ್ರಕಾರ ಎದ್ದು ನಿಂತು ಗಟ್ಟಿಯಾಗಿ ಓದುವುದು. ಅವನಿಗೆ ಮಾತು ಸ್ವಲ್ಪ ತಡವರಿಸುತ್ತದೆ. ಮನೆಯಲ್ಲಿ ಪಾಪ ಅಂತ ಮಂಗಳವಾರ ರಜೆ ಹಾಕಿಸಲು ಶುರು ಮಾಡಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಮುಂದಿನ ವಾರದ ಭಯವನ್ನು ಇನ್ನೂ ದೊಡ್ಡದು ಮಾಡುತ್ತದೆ. ಹಾಗಾಗಿ ಶಾಲೆಗೆ ಬರಲಿ, ಓದುವುದು ಬೇಡ, ಕ್ಲಾಸಿನಲ್ಲಿ ಕೂತಿರಲಿ ಅಂತ ಶುರು ಮಾಡಿದೆವು. ಆಮೇಲೆ ಟೀಚರ್ ಎದುರಿಗೆ ಮಾತ್ರ ಒಂದು ಸಾಲು. ಆಮೇಲೆ ಗೆಳೆಯನ ಜೊತೆ ಇಬ್ಬರೂ ಒಟ್ಟಿಗೆ ಒಂದು ಪ್ಯಾರಾ. ಮೂರು ತಿಂಗಳು ಹಿಡಿಯಿತು. ತಡವರಿಕೆ ಹೋಗಿಲ್ಲ, ಹೋಗಲೇಬೇಕು ಅಂತಲೂ ಇಲ್ಲ. ಅದಕ್ಕೆ ಸ್ಪೀಚ್ ಥೆರಪಿ ನಡೆಯುತ್ತಿದೆ. ಮಂಗಳವಾರದ ಹೊಟ್ಟೆನೋವು ಹೋಗಿದೆ.

ಮೂರನೆಯದು ನಿದ್ದೆ. ಇದು ಪೂರ್ತಿ ಟೈಮ್‌ಟೇಬಲ್‌ನ ಪ್ರಶ್ನೆ. ಹತ್ತನೇ ತರಗತಿಗೆ ಬೆಳಗ್ಗೆ ಬೇಗ ಸ್ಪೆಷಲ್ ಕ್ಲಾಸ್ ಇಡುತ್ತಿದ್ದೆವು. ಮಕ್ಕಳು ತೂಕಡಿಸುತ್ತಿದ್ದರು, ನಾವು ಬೈಯುತ್ತಿದ್ದೆವು. ಹರೆಯದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಬಿಡುಗಡೆಯಾಗುತ್ತದೆ. 13ರಿಂದ 18ರ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೇಗ ಮಲಗು ಅಂದರೆ ಮೈ ಕೇಳುವುದಿಲ್ಲ, ಬೇಗ ಏಳಿಸಿದರೆ ನಿದ್ದೆ ಸಾಲುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೇಳಿತ್ತು, ದೊಡ್ಡ ಮಕ್ಕಳ ಶಾಲೆ 8:30ಕ್ಕಿಂತ ಮುಂಚೆ ಶುರು ಆಗಬಾರದು ಅಂತ. ನಾವು ಸ್ಪೆಷಲ್ ಕ್ಲಾಸನ್ನು ಸಂಜೆಗೆ ಹಾಕಿ, ಅರ್ಧದಷ್ಟು ಕಡಿಮೆ ಮಾಡಿದೆವು. ಆ ಬೆಳಗಿನ ಹೊತ್ತು ಟೀಚರ್‌ಗಳಿಗೂ ಉಳಿಯಿತು ಅನ್ನುವುದನ್ನು ಮರೆಯಬಾರದು. ಮತ್ತೆ ರಾತ್ರಿ 7ರ ನಂತರ ಸ್ಟಾಫ್ ಗ್ರೂಪಿನಲ್ಲಿ ಮೆಸೇಜ್ ಇಲ್ಲ. ಇದಕ್ಕೆ ಎರಡು ಸಾಲು ಸಾಕು, ಯಾಕೆ ಅಂತ ಎಲ್ಲರಿಗೂ ಗೊತ್ತು.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಆಯಮ್ಮ ಹೇಳಿದ ದಿನವೇ ಅವಳನ್ನು ಕರೆದೆ. ಸ್ಟಾಫ್ ರೂಮಿಗೆ ಕರೆದಿದ್ದು ಮೊದಲ ತಪ್ಪು. ಹತ್ತು ಜನ ಓಡಾಡುವ ಜಾಗದಲ್ಲಿ ಯಾವ ಮಗು ಬಾಯಿ ಬಿಡುತ್ತದೆ? “ಏನಾದ್ರೂ ತೊಂದರೆ ಇದೆಯಾ?” ಅಂತ ಕೇಳಿದೆ. “ಏನಿಲ್ಲ ಮಿಸ್.” “ಚೆನ್ನಾಗಿ ಓದ್ತೀಯ, ನಿನಗೇನು ಕಮ್ಮಿ?” ಅಂದೆ. ಈಗಲೂ ಆ ಮಾತು ನೆನೆದರೆ ಸಂಕಟ ಆಗುತ್ತದೆ. ಅವಳು ತಲೆ ಆಡಿಸಿ ಹೋದಳು.

ಎರಡು ದಿನ ಬಿಟ್ಟು ಬೇರೆ ಥರ ಪ್ರಯತ್ನ ಮಾಡಿದೆ. ಚಾರ್ಟ್ ಅಂಟಿಸಲು ಸಹಾಯ ಮಾಡ್ತೀಯಾ ಅಂತ ಕರೆದೆ. ಕ್ಲಾಸು ಖಾಲಿ ಇತ್ತು, ಬಾಗಿಲು ತೆರೆದೇ ಇತ್ತು. ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ಕೆಲಸ ಮಾಡುತ್ತಿದ್ದೆವು. ಎದುರುಬದುರು ಕೂರುವುದಕ್ಕಿಂತ ಹೀಗೆ ಪಕ್ಕಪಕ್ಕ ನಿಂತರೆ ಮಾತು ಸುಲಭ. “ಮೂರನೇ ಪೀರಿಯಡ್‌ನಲ್ಲಿ ನೀನು ಹೊರಗೆ ಹೋಗಿ ನಿಲ್ತೀಯ ಅಂತ ಗೊತ್ತಾಯ್ತು. ಬೈಯೋಕೆ ಕೇಳ್ತಿಲ್ಲ. ಆ ಹೊತ್ತಲ್ಲಿ ಹೇಗನ್ನಿಸುತ್ತೆ?” ಅಂದೆ. ಆಮೇಲೆ ಬಾಯಿ ಮುಚ್ಚಿಕೊಂಡೆ. ಟೇಪು ಕತ್ತರಿಸಿ ಕೊಡುತ್ತಾ ಹೋದೆ. ನಾಲ್ಕು ತುಂಡು ಟೇಪು. ಐದನೇ ತುಂಡು ತೆಗೆದುಕೊಳ್ಳುವಾಗ ಅವಳು ಮಾತು ಶುರು ಮಾಡಿದಳು.

“ಯಾರಿಗೂ ಹೇಳಬೇಡಿ ಮಿಸ್” ಅಂದಳು. ಇಲ್ಲಿ ಆಣೆ ಹಾಕಿಬಿಡಬೇಕು ಅನ್ನಿಸುತ್ತದೆ. ಹಾಕಬಾರದು. “ಸುಮ್ಮನೆ ಯಾರಿಗೂ ಹೇಳೋದಿಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದ್ರೆ ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತೆ. ಯಾರಿಗೆ ಹೇಳ್ತೀನಿ, ಏನು ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ” ಅಂದೆ. ಅವಳು ಒಪ್ಪಿದಳು. ಅವಳ ಮಾತಿನ ವಿವರ ಇಲ್ಲಿ ಬೇಡ. ‘ನಾನು ಇಲ್ಲದಿದ್ದರೆ ಎಲ್ಲರಿಗೂ ಹಗುರ’ ಅನ್ನುವ ಅರ್ಥದ ಒಂದು ವಾಕ್ಯ ಬಂತು. ನನ್ನ ಎದೆ ಧಸಕ್ ಅಂದಿತು. ಆದರೂ ನೇರವಾಗಿ ಕೇಳಿದೆ, ಸಾಯಬೇಕು ಅಂತ ಯೋಚನೆ ಬರುತ್ತಾ ಅಂತ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಅಂತ ತುಂಬಾ ಜನ ಹೆದರುತ್ತಾರೆ. ಅಧ್ಯಯನಗಳು ಹಾಗೆ ಹೇಳುವುದಿಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಎಷ್ಟೋ ಸಲ ಮಗುವಿಗೆ ಹಗುರಾಗುತ್ತದೆ. ಅವಳು “ಒಂದೊಂದ್ಸಲ” ಅಂದಳು. ಗೋಡೆ ಕಡೆಯಿಂದ ತಿರುಗಿ ಮೊದಲ ಸಲ ನನ್ನ ಮುಖ ನೋಡಿದಳು.

ಅಲ್ಲಿಂದ ಮುಂದಿನದು ನನ್ನ ಕೆಲಸ ಅಲ್ಲ, ಅದನ್ನು ತಿಳಿದಿರುವುದೂ ಮುಖ್ಯ. ನಾನು ಗಣಿತದ ಟೀಚರ್. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರೇ ಮಾತು ಇವೆ: ನೋಡು, ಕೇಳಿಸಿಕೊ, ಸೇರಿಸು (ಸಹಾಯ ಮಾಡುವವರ ಹತ್ತಿರ ತಲುಪಿಸು). ಆಯಮ್ಮ ನೋಡಿದರು, ನಾನು ಕೇಳಿಸಿಕೊಂಡೆ. ಇನ್ನು ಸೇರಿಸುವುದು. ಅವತ್ತು ಅವಳನ್ನು ಒಬ್ಬಳೇ ಬಿಡಲಿಲ್ಲ. ಅವಳಿಗೆ ಹೇಳಿಯೇ ಅವಳ ತಾಯಿಗೆ ಫೋನ್ ಮಾಡಿದೆ, ಎಚ್‌ಎಂಗೆ ತಿಳಿಸಿದೆ. ತಾಯಿ ಬರುವವರೆಗೂ ಜೊತೆಗೇ ಕೂತಿದ್ದೆ. ಮಾರನೇ ದಿನ ಮನೋವೈದ್ಯರ ಹತ್ತಿರ ಹೋದರು. ಅಲ್ಲಿಂದ ಚಿಕಿತ್ಸೆ, ಕೌನ್ಸೆಲಿಂಗ್ ಎಲ್ಲ ನಡೆಯಿತು.

ಕೌನ್ಸೆಲರ್ ವಿಷಯ ಬಂದಾಗ ಒಂದು ಲೆಕ್ಕ. ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುತ್ತದೆ. ನಮ್ಮಲ್ಲಿ ಈಗ ವಾರಕ್ಕೆ ಎರಡು ದಿನ ಒಬ್ಬರು ಬರುತ್ತಾರೆ. ಸಾಲದು. ಅವರಿಲ್ಲದ ದಿನ ಹಸಿರು ಚೌಕ ಇರುತ್ತದೆ, ಆದರೆ ಅದು ಕೌನ್ಸೆಲರ್‌ಗೆ ಬದಲಿ ಅಲ್ಲ ಅಂತ ನಾನು ಪ್ರತಿ ಮೀಟಿಂಗಿನಲ್ಲೂ ಹೇಳುತ್ತೇನೆ. ಹೇಳುತ್ತಲೇ ಇರುತ್ತೇನೆ.

ಜೀವಶಾಸ್ತ್ರದ ಮೇಡಂ ಒಂದು ತಿಂಗಳು ರಜೆ ಹಾಕಿದರು. ಅವರೂ ವೈದ್ಯರನ್ನು ಕಂಡರು. ವಾಪಸ್ ಬಂದ ದಿನ ನಾನು ಕ್ಷಮೆ ಕೇಳಿದೆ. “ನೀವು ಬರೆದಿರಿ, ನಾನು ಸಹಿ ಹಾಕಿದೆ. ನನಗೂ ಇಲ್ಲ ಅನ್ನೋದು ಕಲೀಬೇಕಿತ್ತು” ಅಂದರು. ನಾನು ಅದನ್ನು ಒಪ್ಪಲಿಲ್ಲ. ಮೈಯಲ್ಲಿ ತ್ರಾಣ ಇಲ್ಲದವರಿಗೆ ಇಲ್ಲ ಅನ್ನುವ ಜವಾಬ್ದಾರಿಯನ್ನೂ ಹೊರಿಸಬಾರದು. ಅದು ಪುಸ್ತಕ ಹಿಡಿದವರ ಕೆಲಸ.

ಆ ಹುಡುಗಿ ಈ ವರ್ಷ ಹತ್ತನೇ ತರಗತಿ ಮುಗಿಸಿದಳು. ಚಿಕಿತ್ಸೆ ಇನ್ನೂ ನಡೆಯುತ್ತಿದೆ, ಒಳ್ಳೆಯ ದಿನಗಳೂ ಇವೆ, ಕೆಟ್ಟ ದಿನಗಳೂ ಇವೆ. ಪರೀಕ್ಷೆಗೆ ಮುಂಚಿನ ಒಂದು ಗುರುವಾರ ನಮ್ಮಲ್ಲಿ ಆರು ಜನ ರಜೆ. ಐದನೇ ಪೀರಿಯಡ್‌ಗೆ ಒಂದು ಕ್ಲಾಸು ಉಳಿದೇ ಹೋಯಿತು. ಎಚ್‌ಎಂ ಆಗಲೇ ಒಂದು ಕ್ಲಾಸಿನಲ್ಲಿದ್ದರು. ಪುಸ್ತಕ ಹಿಡಿದು ಲ್ಯಾಬಿನವರೆಗೂ ಹೋದೆ, ಒಂದು ಮಾತು ಕೇಳಿ ನೋಡೋಣ ಅಂತ. ಬಾಗಿಲು ಅರ್ಧ ತೆರೆದಿತ್ತು. ಮೇಡಂ ಬೀಕರ್ ತೊಳೆದು ಕೊಡುತ್ತಿದ್ದರು, ಅವಳು ಬಟ್ಟೆಯಲ್ಲಿ ಒರೆಸಿ ಒಂದೊಂದೇ ಕಪಾಟಿನಲ್ಲಿ ಬೋರಲು ಹಾಕುತ್ತಿದ್ದಳು. ಏನೋ ಹೇಳುತ್ತಿದ್ದಳು. ನನಗೆ ಕೇಳಿಸಲಿಲ್ಲ.

ಪುಸ್ತಕವನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟು ಆ ಚೌಕದಲ್ಲಿ ನನ್ನ ಹೆಸರು ಬರೆದೆ. ಏಳನೇ ತರಗತಿ, ಬಿ ಸೆಕ್ಷನ್. ಸಹಿ ಹಾಕಿ ಮೆಟ್ಟಿಲು ಹತ್ತಿದೆ.